ಮಾವನ ಕೈಯ ನೀರು

ಕೌಶಲ್ಯಾ ಮಗನ ಎದೆಯ ಮೇಲೆ ಅಂಗೈ ಇಟ್ಟು ಕೂತಿದ್ದಳು. ತಾಂಡೂರಿನ ಕಲ್ಲುಗಣಿಯಿಂದ ಉಮಾಕಾಂತ ನಾರಾಯಣಖೇಡದ ಕಡೆಯ ತನ್ನೂರಿಗೆ ಹೊರಟಿದ್ದ. ಪ್ರತ್ಯೇಕ ತೆಲಂಗಾಣದ ಸಮ್ಮೆಗೆ, ಆ ಮುಷ್ಕರಕ್ಕೆ, ಬಸ್ಸೆಲ್ಲ ನಿಂತಿದ್ದವು, ಯಾರದೋ ಬೈಕು ಬೇಡಿ ತಂದಿದ್ದ. ಜಹೀರಾಬಾದಿನ ಹೊರಗೆ ಲಾರಿ ತಾಗಿ ತಲೆ ಒಡೆದಿತ್ತು.

“ಮಿದುಳು ಸತ್ತದಮ್ಮಾ,” ಎಂದರು ಆ ಸಣ್ಣ ದವಾಖಾನೆಯ ಡಾಕ್ಟರು. “ಉಸಿರು ಮಷೀನಿಂದು. ಗುಂಡಿಗಿ ಮಾತ್ರ ಇನ್ನಾ ಅವಂದ. ಹೈದರಾಬಾದದಾಗ ಒಬ್ಬರು ಗುಂಡಿಗಿ ಸಲುವಾಗಿ ಕಾಯ್ಲಾಕತ್ಯಾರ. ಕೊಡ್ತೀರೇನ್ರಿ?”

ಕೌಶಲ್ಯಾ ಮಗನ ಎದೆಯಿಂದ ಕೈ ತೆಗೆಯಲಿಲ್ಲ. “ಶಿವ ಕೊಟ್ಟಿದ್ದು. ಎಲ್ಲ್ಯರ ಬಡಕೋತ ಇರಲಿರಿ,” ಎಂದಳು.

“ಹಂಗಾದ್ರ ಇವತ್ತೇ ಒಯ್ಯಬೇಕು. ಇಲ್ಲಿಟ್ರ ಬಿಪಿ ಕುಸೀತದ, ಗುಂಡಿಗಿ ಸೋಲ್ತದ. ಇಂಥವರ ಗುಂಡಿಗಿ ಕಾಯಾಕ ಅಲ್ಲಿ ಬ್ಯಾರೆ ವಾರ್ಡೇ ಅದ. ಸಮ್ಮಿಯವರು ಆಂಬುಲೆನ್ಸ್ ತಡಿಯಂಗಿಲ್ಲ.”

“ನನ್ನ ತಮ್ಮ ಬರಲಿರಿ.”

ಅವರ ಮನೆತನದಲ್ಲಿ ಸೋದರಮಾವ ಮಾಂಜರಾ ನದಿಯ ನೀರಿನಿಂದ ತುಟಿ ತೋಯಿಸದೆ ಯಾರೂ ಕಡೆಯ ದಾರಿ ಹಿಡಿದಿರಲಿಲ್ಲ. ಆ ನೀರು ಬೀಳದೆ ಹೋದ ಜೀವ ಹೊಸ್ತಿಲಲ್ಲೇ ನಿಂತಿರುತ್ತದೆ ಎಂದು ಅವಳ ಅವ್ವ ಹೇಳಿದ್ದಳು.

“ನೀರು ಅಲ್ಲೇ ಬಿಡಬಹುದಲ್ಲಕ್ಕಾ,” ಎಂದಳು ನರ್ಸ್ ಪೀರಮ್ಮ.

“ಅಲ್ಲಿ ಒಯ್ದ ಕೂಡ್ಲೆ ಕೊಯ್ತಾರ ತಂಗಿ. ನಮ್ಮವರ ಕೈ ಮುಟ್ಟೂದು ಯಾವಾಗ?”

“ತಮ್ಮ ಎಲ್ಲಿಂದ ಬರಬೇಕು?”

“ನಾಗಲಗಿದ್ದದಿಂದ.” ಕೌಶಲ್ಯಾಳ ತುಟಿ ಅರಳಿದಂತಾಗಿ ಮುದುಡಿತು. “ನಮ್ಮ ಉಮ್ಯಾ ಕಾಡಸ್ತಿದ್ದ, ಮಾವ ತನ್ನ ಮದಿವಿಗೇ ಅಕ್ಕಿಕಾಳು ಬಿದ್ದಮ್ಯಾಗ ಬಂದಾನ ಅಂತ.”

ಸಂಜೆಯ ಹೊತ್ತಿಗೆ ಬಿಪಿ ಇಳಿಯಿತು. ಡಾಕ್ಟರು ಔಷಧ ಏರಿಸಿದರು, ಮತ್ತೆ ಏರಿಸಿದರು. ಇದ್ದ ಒಬ್ಬಳೇ ನರ್ಸ್ ಪೀರಮ್ಮ ಪಕ್ಕದ ಹೆರಿಗೆ ಕೋಣೆಗೂ ಇಲ್ಲಿಗೂ ಓಡಾಡಿದಳು. “ಇನ್ನರ ಕಳಸ್ರಿ ಅಮ್ಮಾ,” ಎಂದರು ಡಾಕ್ಟರು. ಕೌಶಲ್ಯಾ ಅಂಗೈ ಒತ್ತಿ ನೋಡಿದಳು. ಎದೆ ಬಡಿಯುತ್ತಲೇ ಇತ್ತು. ಅವಳು ನಂಬಿದ್ದು ಆ ಅಂಗೈಯನ್ನು.

ತಮ್ಮ ಭೀಮಶಾ ಬಂದದ್ದು ಮರುದಿನ, ಯಾರದೋ ಟ್ರ್ಯಾಕ್ಟರಿನಲ್ಲಿ, ಮೈಯೆಲ್ಲ ಧೂಳಾಗಿ. ಮಾಂಜರಾ ನೀರಿನ ತಾಮ್ರದ ತಂಬಿಗೆಗೆ ವಸ್ತ್ರ ಕಟ್ಟಿ ತಂದಿದ್ದ. ಬೆರಳದ್ದಿ ಅಳಿಯನ ತುಟಿ ತೋಯಿಸಿದ.

“ತಡಾ ಆತೇನಕ್ಕಾ?”

“ಇಲ್ಲಪ್ಪಾ. ಬಡೀಲಾಕತ್ತದ, ಮುಟ್ಟಿ ನೋಡು.”

ಹೈದರಾಬಾದಿನ ದೊಡ್ಡ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಪರದೆಯ ಮೇಲೆ ಗುಂಡಿಗೆಯನ್ನು ಬಹಳ ಹೊತ್ತು ನೋಡಿದಳು. ಹೊರಗೆ ಬಂದು ಕೌಶಲ್ಯಾಳ ಪಕ್ಕದಲ್ಲೇ ಕೂತು ತೆಲುಗಿನಲ್ಲಿ ಮೆಲ್ಲಗೆ ಹೇಳಿದಳು: “ತುಂಬಾ ದಣಿದಿದೆ ತಾಯಿ. ಇನ್ನೊಂದು ಜೀವವನ್ನು ಅದು ಹೊರಲಾರದು.”

“ಬಡಿಯೂದು ನನ್ನ ಕೈಗಿ ಹತ್ತಾಕತ್ತದಲ್ರಿ.”

“ಕೈಗೆ ಹತ್ತುವಷ್ಟು ಇದೆ. ಅಷ್ಟು ಸಾಲದು.”

“ನಿನ್ನಿ ತಂದಿದ್ರ?”

ಡಾಕ್ಟರಮ್ಮ ಅವಳ ಕೈ ಹಿಡಿದುಕೊಂಡಳು.

“ಕಾಯ್ಲಾಕತ್ತವರು?”

“ಅವರಿಗೂ ಹೆಚ್ಚು ದಿನ ಇಲ್ಲ.”

ಭೀಮಶಾ ಗೋಡೆಗೆ ಮುಖ ಮಾಡಿ ನಿಂತಿದ್ದ. ಕೌಶಲ್ಯಾ ಅವನ ಕೈಯಿಂದ ತಂಬಿಗೆ ಇಸಿದುಕೊಂಡಳು. ತಳದಲ್ಲಿ ಇನ್ನೂ ನೀರಿತ್ತು. ವಸ್ತ್ರವನ್ನು ಬಿಗಿಯಾಗಿ ಕಟ್ಟಿ ಡಾಕ್ಟರಮ್ಮನ ಮುಂದೆ ಹಿಡಿದಳು.

“ಇದನ್ನ ಆ ಕಾಯ್ಲಾಕತ್ತವರ ಮನಿಯವರಿಗಿ ಕೊಡ್ರಿ. ಅವರ ಸೋದರಮಾವಗ ಈಗೇ ಹೇಳಿ ಕಳಸ್ಲಾಕ ಹೇಳ್ರಿ.”