ಆಯುಷ್ಯದ ಮೇಡಂ

ಮೆಟ್ಟಿಲು ಹತ್ತುವಾಗ ಏನಾದರೂ ಹೊಳೆದರೆ ಆಕೆ ಅಲ್ಲೇ, ನಟ್ಟನಡುವೆ, ಒಂದು ಕಾಲನ್ನು ಮೇಲಿನ ಮೆಟ್ಟಿಲಿಗೂ ಇನ್ನೊಂದನ್ನು ಕೆಳಗಿನದಕ್ಕೂ ಒಪ್ಪಿಸಿ ನಿಂತುಬಿಡುತ್ತಿದ್ದರು. ಹಿಂದೆ ಬರುತ್ತಿದ್ದವರು ಗುಮಾಸ್ತರಾಗಲಿ, ಟಪಾಲಿನವರಾಗಲಿ, ಸಾಕ್ಷಾತ್ ಹಣಕಾಸು ಕಾರ್ಯದರ್ಶಿಗಳೇ ಆಗಲಿ, ಆ ಯೋಚನೆ ಮುಗಿದು ಮೇಡಂ ಮುಂದಿನ ಹೆಜ್ಜೆ ಊರುವವರೆಗೆ ತುಟಿಪಿಟಕ್ಕೆನ್ನದೆ ಕಾಯುತ್ತಿದ್ದರು. ಉಪನಿರ್ದೇಶಕನಿಗೆ ಸಹಿಸಲಾಗದ ಸಂಗತಿ ಇದು. ಅವನೂ ಒಮ್ಮೆ, ನಿಜವಾಗಿಯೇ ಏನೋ ನೆನಪಾಗಿ, ಅದೇ ಮೆಟ್ಟಿಲ ಮೇಲೆ ನಿಂತಿದ್ದ. ಜನ "ಸ್ವಲ್ಪ ಸರೀರಿ ಸಾರ್" ಎಂದು ಪಕ್ಕದಿಂದ ದಾಟಿಹೋದರು.

ಸರ್ಕಾರಿ ನೌಕರರ ಪಿಂಚಣಿ ನಿಧಿಯ ಆ ಕಚೇರಿಯಲ್ಲಿ ನಿರ್ದೇಶಕಿಯನ್ನು ಎಲ್ಲರೂ ಕರೆಯುತ್ತಿದ್ದದ್ದು ಆಯುಷ್ಯದ ಮೇಡಂ ಎಂದು. ನೌಕರರು ನಿವೃತ್ತರಾದ ಮೇಲೆ ಎಷ್ಟು ಕಾಲ ಬದುಕಿಯಾರು, ಅವರ ತರುವಾಯ ಸಂಗಾತಿಗೆ ಎಷ್ಟು ವರ್ಷ ಪಿಂಚಣಿ ಸಲ್ಲಿಸಬೇಕಾದೀತು, ಅದಕ್ಕಾಗಿ ಇಂದು ನೌಕರರ ಸಂಬಳದಿಂದ ಎಷ್ಟು, ಸರ್ಕಾರದ ಬೊಕ್ಕಸದಿಂದ ಎಷ್ಟು ಎತ್ತಿಡಬೇಕು ಎಂದು ಅಂದಾಜಿಸುವುದೇ ಅವರ ವಿದ್ಯೆ. ಮೈಮೇಲೆ ಮೊಣಕೈ ಸವೆದ ಬೂದುಬಣ್ಣದ ಒಂದೇ ಕೋಟು. ಅದರ ಮೂರನೆಯ ಗುಂಡಿ ಬೇರೆ ಯಾವುದೋ ಉಡುಪಿನಿಂದ ವಲಸೆ ಬಂದದ್ದು. ಯಾರು ಯಾವ ಯೋಜನೆ ತಂದರೂ ಪೂರ್ತಿ ಕೇಳಿ, ಕತೆಯ ಮುಂದಿನ ಭಾಗಕ್ಕೆ ಕಾತರಿಸುವ ಮಗುವಿನ ಹಾಗೆ ಮುಖ ಮುಂದೆ ಚಾಚಿ "ಆಮೇಲೆ?" ಎನ್ನುವರು. ಆ ಒಂದು ಪದಕ್ಕೆ ಎಂತೆಂಥ ಘನಗಂಭೀರ ಪ್ರಸ್ತಾವಗಳೂ ಗಾಳಿ ಹೋದ ಟೈರಿನಂತೆ ಕುಸಿದಿದ್ದವು.

ಉಪನಿರ್ದೇಶಕ ಗುಮಾಸ್ತನಾಗಿ ಸೇರಿ ಅದೇ ಕಚೇರಿಯಲ್ಲಿ ತಲೆ ನರೆಸಿಕೊಂಡವನು. ನಿರ್ದೇಶಕರ ಕುರ್ಚಿ ತನಗೇ ಎಂದು ನಂಬಿ, ಆ ಕೋಣೆಯ ಪರದೆ ಯಾವ ಬಣ್ಣದ್ದಿರಬೇಕೆಂದೂ ಮನಸ್ಸಿನಲ್ಲೇ ತೀರ್ಮಾನಿಸಿದ್ದವನು. ವಿಮಾ ಕಂಪನಿಯೊಂದರಿಂದ ಈಕೆ ಬಂದು ಕುಳಿತ ದಿನದಿಂದ ಅವನ ಹೊಟ್ಟೆಯೊಳಗೆ ಕೆಂಡವೊಂದು ನೆಲೆಯಾಯಿತು. ಹೊಗೆ ಹೊರಗೆ ಬಾರದಂತೆ ನೋಡಿಕೊಳ್ಳುವುದೇ ಅವನ ನಿತ್ಯದ ಶಿಸ್ತಾಯಿತು. ಎಲ್ಲರಿಗಿಂತ ಮೊದಲು ಎದ್ದು ನಮಸ್ಕರಿಸುತ್ತಿದ್ದವನು ಅವನೇ.

ಮನೆಯಲ್ಲಾದರೂ ನೆಮ್ಮದಿಯಿತ್ತೇ? ಹೆಂಡತಿ ಸರ್ಕಾರಿ ಆಸ್ಪತ್ರೆಯ ದಾದಿ. ಮೇಡಂ ಅಲ್ಲಿಗೆ ಹೋಗಿ ಪಿಂಚಣಿಯ ವಿಚಾರ ವಿವರಿಸಿದ ದಿನ ಆಕೆ ಚಪ್ಪಲಿ ಬಿಡುವ ಮೊದಲೇ ಶುರುಮಾಡಿದಳು.

"ಏನ್ ಚೆನ್ನಾಗಿ ಮಾತಾಡ್ತಾರ್ರೀ ನಿಮ್ಮ ಮೇಡಂ! ಇಷ್ಟು ವರ್ಷ ಸಂಬಳದಲ್ಲಿ ಹಿಡ್ಕೊಳ್ತಿದ್ದದ್ದು ಯಾಕೆ ಅಂತ ಇವತ್ತು ಅರ್ಥವಾಯ್ತು."

"ನಾನು ಹೇಳಿರಲಿಲ್ವಾ?"

"ಹೇಳಿದ್ರಿ. ನೀವು ಹೇಳ್ತಿದ್ರೆ ನಂಗೆ ನಿದ್ದೆ ಬರ್ತಿತ್ತು."



ಅವನ ಕಾಲವೂ ಬಂದಂತೆ ಕಂಡಿತು. ಒಂದು ವರ್ಷ ಷೇರು ಪೇಟೆ ಉಕ್ಕಿ ಹರಿದು, ನಿಧಿಯ ಹೂಡಿಕೆಗಳೆಲ್ಲ ಮೈತುಂಬಿಕೊಂಡವು. ಉಪನಿರ್ದೇಶಕ ಒಂದು ಪ್ರಸ್ತಾವ ಸಿದ್ಧಪಡಿಸಿದ: ಪಿಂಚಣಿ ಎಲ್ಲರಿಗೂ ಏರಲಿ, ಕಡಿಮೆ ಪಡೆಯುವವರಿಗೆ ಮೊದಲು, ಸರ್ಕಾರ ತನ್ನ ಪಾಲನ್ನು ಕೆಲವು ಕಾಲ ತಗ್ಗಿಸಿಕೊಳ್ಳಲಿ, ಪೇಟೆ ಹೀಗೇ ದುಡಿಯುತ್ತದೆ. ಹಣಕಾಸು ಕಾರ್ಯದರ್ಶಿಗಳು ಬೆನ್ನು ತಟ್ಟಿದರು, ನಿವೃತ್ತರ ಸಂಘ ಅವನಿಗೆ ಹಾರ ಹಾಕಿತು. ಜೀವಮಾನದಲ್ಲಿ ಮೊದಲ ಬಾರಿಗೆ ಅವನು ಜನ ನಿಂತು ಕಾಯುವ ಮನುಷ್ಯನಾಗಿದ್ದ. ಮೇಡಂ ಎಲ್ಲವನ್ನೂ ಓದಿ ತಲೆಯೆತ್ತಿದರು.

"ಚೆನ್ನಾಗಿದೆ. ಆಮೇಲೆ?"

"ಆಮೇಲೆ ಏನು ಮೇಡಂ? ಎಲ್ಲರಿಗೂ ಸಂತೋಷ."

"ಪೇಟೆ ಬಿದ್ದ ವರ್ಷ ಏರಿಸಿದ್ದನ್ನ ವಾಪಸ್ ಕೇಳೋಕಾಗಲ್ಲ. ಸರ್ಕಾರ ಬಿಟ್ಟ ಪಾಲೂ ಬರಲ್ಲ. ಇವತ್ತು ಕೆಲಸಕ್ಕೆ ಸೇರಿದ ಹುಡುಗಿ ಮುದುಕಿಯಾದಾಗ ಯಾರ ಬಾಗಿಲು ತಟ್ಟಬೇಕು?"

ಆಡಳಿತ ಮಂಡಳಿ ಕೂಡುವ ಮೊದಲು ಮೇಡಂ ತಾವೇ ನಿವೃತ್ತರ ಸಭೆಗೆ ಹೋಗಿ ಈ ಮಾತು ಹೇಳುವೆನೆಂದರು. ಉಪನಿರ್ದೇಶಕ ಜೊತೆಗೆ ಹೊರಟ. ಆಕೆ ಛೀಮಾರಿ ಹಾಕಿಸಿಕೊಳ್ಳುವುದನ್ನು ಕಣ್ಣಾರೆ ಕಾಣುವ ಆಸೆ ಅವನಿಗಿದ್ದುದರಲ್ಲಿ ಸಂಶಯವಿಲ್ಲ. ಸಭಾಂಗಣ ಕಿಕ್ಕಿರಿದಿತ್ತು. ಮೇಡಂ ಎರಡು ಮಾತಾಡುವಷ್ಟರಲ್ಲಿ ಕೂಗು ಎದ್ದಿತು. ಮುಂದಿನ ಸಾಲಿನಲ್ಲಿ ಎದ್ದು ನಿಂತವನು, ಉಪನಿರ್ದೇಶಕನ ದುರದೃಷ್ಟವೋ ಅದೃಷ್ಟವೋ, ಅವನ ಸ್ವಂತ ಅಣ್ಣ. ಸರ್ಕಾರಿ ಬಸ್ಸಿನ ಚಾಲಕನಾಗಿ ನಿವೃತ್ತನಾದವನು, ಹಾರನ್ನಿನಂಥ ಗಂಟಲಿನವನು.

"ನಾನ್ಯಾವಾಗ ಸಾಯ್ತೀನಿ ಅಂತಲೂ ಲೆಕ್ಕ ಹಾಕಿಟ್ಟಿದ್ದೀಯಂತಲ್ಲ ತಾಯಿ, ಹೇಳಿಬಿಡು!"

ಉಪನಿರ್ದೇಶಕ ಸುಖವಾಗಿ ಕುರ್ಚಿಗೆ ಒರಗಿದ.

"ನಿಮ್ಮೊಬ್ಬರದು ನಂಗೆ ಗೊತ್ತಾಗಲ್ಲ ಅಣ್ಣಾ," ಎಂದರು ಮೇಡಂ. "ಸಾವಿರಾರು ಜನರದ್ದು ಒಟ್ಟು ಸೇರಿಸಿದ್ರೆ ಮಾತ್ರ ಒಂದು ಅಂದಾಜು ಸಿಗುತ್ತೆ. ನೀವು ನನ್ನ ಲೆಕ್ಕ ಸುಳ್ಳು ಮಾಡಿ, ನೂರು ದಾಟಿ ಬದುಕಿ. ಆಗಲೂ ನಿಮ್ಮ ಪಿಂಚಣಿ ಬರ್ಲಿ ಅಂತಲೇ ನಾನಿವತ್ತು ಬೈಸಿಕೊಳ್ಳೋಕೆ ಬಂದಿರೋದು."

ಯಾರೋ ನಕ್ಕರು, ಆಮೇಲೆ ಸಾಲು ಸಾಲೇ ನಕ್ಕಿತು. ಅಣ್ಣ ಕೂತುಕೊಳ್ಳುತ್ತ, "ಗಟ್ಟಿಗಿತ್ತಿ!" ಎಂದು ಪಕ್ಕದವನ ತೊಡೆ ತಟ್ಟಿದ. ತಮ್ಮನನ್ನು ಅವನು ಎಂದೂ ಹಾಗೆ ಹೊಗಳಿದವನಲ್ಲ.

ಮಂಡಳಿಯಲ್ಲಿ ಪ್ರಸ್ತಾವ ಬಿದ್ದುಹೋಯಿತು. ಅಲ್ಲಿಂದಾಚೆಗೆ ಉಪನಿರ್ದೇಶಕ ದಿನ ಬೆಳಗಾದರೆ ಪೇಟೆಯ ಸುದ್ದಿ ನೋಡುತ್ತಿದ್ದ. ಅದು ಏರಿದಷ್ಟೂ ಆಕೆ ಸುಳ್ಳಾಗುತ್ತಿದ್ದರು, ಅವನಿಗೆ ಕಾಫಿ ರುಚಿಸುತ್ತಿತ್ತು. ಮರುವರ್ಷವೂ ಏರಿತು. ಅದರ ಮುಂದಿನ ವರ್ಷ ಒಂದೇ ವಾರದಲ್ಲಿ ದಬದಬನೆ ಕುಸಿಯಿತು. ಆ ಬೆಳಿಗ್ಗೆ ಅವನಿಗೆ ಮೊದಲು ಆದದ್ದು ನಿಧಿಯ ಚಿಂತೆಯಲ್ಲ, ಹೆಂಡತಿಯ ಪಿಂಚಣಿಯ ಚಿಂತೆಯೂ ಅಲ್ಲ. ಆಕೆಯ ಮಾತೇ ನಿಜವಾಯಿತಲ್ಲ ಎಂಬ ಸಂಕಟ. ತನ್ನೊಳಗನ್ನು ತಾನೇ ಕಂಡು ಅವನು ಬೆಚ್ಚಿದ.

ತಿಂಗಳ ಕೊನೆಗೆ ತಡೆಯಲಾರದೆ ಅಣ್ಣನಿಗೆ ಫೋನ್ ಮಾಡಿದ.

"ಪಿಂಚಣಿ ಬಂತಾ?"

"ಬರದೆ ಏನು? ಪ್ರತಿ ತಿಂಗಳೂ ಬರುತ್ತಲ್ಲ. ಯಾಕೋ, ಹುಷಾರಾಗಿದ್ದೀ ತಾನೇ?"

ಅಷ್ಟೇ. ಊರಿನ ಒಬ್ಬನಿಗೂ ಏನೂ ತಿಳಿಯಲಿಲ್ಲ. ಉಪನಿರ್ದೇಶಕ ಎದ್ದು ಮೇಡಂ ಕೋಣೆಗೆ ಹೋದ. ಅವರೇ ಮಾತೆತ್ತಿದರು.

"ಬನ್ನಿ, ನಿಮ್ಮನ್ನೇ ಕರೆಸೋಣ ಅಂತಿದ್ದೆ. ಕಡಿಮೆ ಪಿಂಚಣಿ ಇರೋರಿಗೆ ಮೊದಲು ಕೊಡಬೇಕು ಅಂತ ಆವತ್ತು ಬರೆದಿದ್ರಲ್ಲ, ಅದು ನಂಗೆ ಹೊಳೆದಿರಲಿಲ್ಲ. ಪೇಟೆ ಚೇತರಿಸಿಕೊಂಡ ಮೇಲೆ ಅಷ್ಟನ್ನ ಮಾತ್ರ ತರೋಣ. ನಿಧಿ ತಾಳುತ್ತೆ. ಮಂಡಳಿ ಮುಂದೆ ನೀವೇ ಮಂಡಿಸಿ."

ಗೆದ್ದವರ ಒಂದು ಕೊಂಕುನಗೆ ಸಿಕ್ಕಿದ್ದರೂ ಅವನು ಬದುಕಿಕೊಳ್ಳುತ್ತಿದ್ದ. ಅದನ್ನು ದ್ವೇಷಿಸಿಕೊಂಡು ಹಾಯಾಗಿರಬಹುದಿತ್ತು. ಆಕೆ ಅಷ್ಟೂ ಕೊಡಲಿಲ್ಲ. "ಆಗಲಿ ಮೇಡಂ" ಎಂದು ಹೊರಬಂದು ಮೊಗಸಾಲೆಯ ಕಿಟಕಿಗೆ ಹಣೆಯಾನಿಸಿ ನಿಂತ. ಎರಡು ವರ್ಷದ ನಂತರ ಅದನ್ನು ಮಂಡಿಸಿದವನೂ ಅವನೇ, ಚಪ್ಪಾಳೆ ಗಿಟ್ಟಿಸಿದವನೂ ಅವನೇ. ಆ ಚಪ್ಪಾಳೆ ಅವನಿಗೆ ಎರವಲು ಅಂಗಿಯ ಹಾಗೆ ಕಂಕುಳಲ್ಲಿ ಬಿಗಿಯಿತು.

ಬರಬಹುದಾದ ಕೇಡನ್ನು ಬಾರದಂತೆ ತಡೆಯುವವರ ಪಾಡೇ ಹೀಗೆ. ಅವರ ಕೆಲಸ ಫಲಿಸಿದಾಗ ಏನೂ ಸಂಭವಿಸುವುದಿಲ್ಲ. ಸಂಭವಿಸದ್ದಕ್ಕೆ ಕೃತಜ್ಞತೆ ಹೇಳುವ ವಾಡಿಕೆ ಲೋಕದಲ್ಲಿಲ್ಲ. ಸುಖವಾಗಿ ಉಂಡು ಮಲಗಿದವರಿಗೆ ಅವರ ಅರಿವೇ ಇರದು, ಸ್ನೇಹಿತರು ಅವರ ಒಳ್ಳೆಯತನವನ್ನಷ್ಟೇ ಮೆಚ್ಚುವರು. ಅವರು ನಿಜಕ್ಕೂ ಎಷ್ಟು ಎತ್ತರದವರೆಂಬುದು, ಹಗಲೂ ಇರುಳೂ ಅವರಲ್ಲಿ ಒಂದು ತಪ್ಪಿಗಾಗಿ ಹುಡುಕಿ ಬರಿಗೈಯಲ್ಲಿ ಹಿಂತಿರುಗಿದ ಅಸೂಯಾಪರನೊಬ್ಬನಿಗೆ ಮಾತ್ರ ಗೊತ್ತಿರುತ್ತದೆ. ಅವನೋ, ಯಾರ ಮುಂದೆಯೂ ಬಾಯಿ ಬಿಡಲಾರ.