ನಾಯಿಕೆಮ್ಮಿನ ಮಾತು ಹೊರಟದ್ದೆಲ್ಲಿಂದ

ಹೊಲಿಗೆಯಕ್ಕನ ಹಲ್ಲುಗಳ ನಡುವೆ ಗುಂಡುಸೂಜಿ ಇದ್ದಷ್ಟು ಹೊತ್ತು ಮಾತ್ರ ಅಂಗಡಿಯಲ್ಲಿ ಮೌನ. ಈ ವಾರ ಮಾತಿಗಿಂತ ಕೆಮ್ಮೇ ಹೆಚ್ಚಾಗಿತ್ತು. ಒಮ್ಮೆ ಹಿಡಿದರೆ ಕಣ್ಣಲ್ಲಿ ನೀರು ಬರುವ ತನಕ ಬಿಡುತ್ತಿರಲಿಲ್ಲ. ಆದರೂ ಬಾಗಿಲ ಬಳಿ ಚೀಲ ಸಿದ್ಧವಾಗಿತ್ತು. ಪಕ್ಕದೂರಲ್ಲಿ ಮಗಳು ಹೆತ್ತಿದ್ದಳು. ಶಾಲೆಯ ಸಮವಸ್ತ್ರಗಳ ರಾಶಿಯಲ್ಲಿ ಸಿಕ್ಕಿಕೊಂಡ ಅಕ್ಕ ಮೊಮ್ಮಗಳ ಮುಖವನ್ನೇ ನೋಡಿರಲಿಲ್ಲ.

ಹೊರಡುವ ಹೊತ್ತಿಗೆ ಮಗಳ ಫೋನು. “ಅಮ್ಮಾ, ಎಲ್ಲ ಕಡೆ ನಾಯಿಕೆಮ್ಮು ಹಬ್ಬಿದೆಯಂತೆ. ನಿನ್ನದೂ ಅದೇ ಆಗಿದ್ರೆ?”

“ಅದು ನಂಗೆ ಚಿಕ್ಕೋಳಿದ್ದಾಗಲೇ ಬಂದು ಹೋಗಿದೆ ಕಣೇ. ಒಂದ್ಸಲ ಬಂದೋರ ತಂಟೆಗೆ ಮತ್ತೆ ಬರಲ್ಲ.”

“ಯಾರು ಹೇಳಿದ್ದು?”

“ಯಾರು ಹೇಳಿಲ್ಲ ಅಂತ ಕೇಳು! ನಿನ್ನ ಸೋದರಮಾವನೂ ಅದನ್ನೇ ಅಂದ. ಅವನಿಗೆ ಔಷಧಿ ಅಂಗಡಿಯವರೇ ಹೇಳಿದ್ದಂತೆ.”

“ಅವರನ್ನೇ ಸರಿಯಾಗಿ ಕೇಳ್ಕೊಂಡು ಬಾ. ಹಸುಗೂಸು ಇದೆ, ಅಮ್ಮ.”

ಔಷಧಿ ಅಂಗಡಿಯವನು ನಕ್ಕುಬಿಟ್ಟ. “ನನ್ನನ್ನೇನು ಕೇಳ್ತೀರಿ ಅಕ್ಕ? ಪ್ಯಾಂಟಿನ ಸೊಂಟ ಬಿಡಿಸೋಕೆ ನಾನು ನಿಮ್ಮಂಗಡಿಗೆ ಬಂದಾಗ ನೀವೇ ಹೇಳಿದ್ರಿ. ಅನುಭವಸ್ಥರು ಅಂತ ನಾನೂ ನಾಲ್ಕು ಜನಕ್ಕೆ ಹೇಳ್ದೆ.”

“ತಪ್ಪಿದ್ರೆ ತಪ್ಪು ಅಂತ ಅಲ್ಲೇ ಅನ್ನಬಾರದಿತ್ತಾ?”

“ನೀವು ಮಾತಾಡೋವಾಗ ಬಾಯಿ ಹಾಕೋಕೆ ಜಾಗ ಎಲ್ಲಿರುತ್ತೆ?”

ಅಕ್ಕನಿಗೆ ನಗು ಬರಲಿಲ್ಲ. ತಾನು ಬಿಟ್ಟ ಮಾತೇ ಊರು ಸುತ್ತಿ, ಸಾಕ್ಷಿಗಳ ಸಮೇತ ತನ್ನ ಮನೆಗೆ ಬಂದು ಕೂತಿತ್ತು.

ಅಲ್ಲಿಂದ ನೇರ ಆರೋಗ್ಯ ಕೇಂದ್ರಕ್ಕೆ ನಡೆದಳು. ವಿಷಯ ಕೇಳಿದ ನರ್ಸ್ ಮೊದಲು ಒಂದು ಮಾಸ್ಕ್ ಕೊಟ್ಟರು. ಅಕ್ಕ ಗೋಡೆಗೆ ಅಂಟಿಸಿದ್ದ ನಾಯಿಕೆಮ್ಮಿನ ಮಾಹಿತಿ ಹಾಳೆಯತ್ತ ಕತ್ತೆತ್ತಿದಾಗ, “ಅದು ಬೇಡ, ಹಳೇದು,” ಎಂದು ಕಂಪ್ಯೂಟರಿನಲ್ಲಿ ಆರೋಗ್ಯ ಇಲಾಖೆಯ ಪುಟ ತೆರೆದು, ತಾರೀಖು ನೋಡಿ, ಆಮೇಲೆ ಓದಿದರು.

“ಒಂದ್ಸಲ ಬಂದ್ರೂ ಮತ್ತೆ ಬರಬಹುದು ಕಣಮ್ಮ. ವರ್ಷ ಕಳೆದ ಹಾಗೆ ರಕ್ಷಣೆ ತಗ್ಗುತ್ತೆ. ದೊಡ್ಡೋರು ಕೆಮ್ಮಿ ಸುಧಾರಿಸ್ಕೋತಾರೆ, ಎಳೇ ಕೂಸಿಗೆ ಉಸಿರೇ ನಿಲ್ಲಬಹುದು. ಪರೀಕ್ಷೆ ಮಾಡೋಣ. ಡಾಕ್ಟರು ಸರಿ ಅನ್ನೋವರೆಗೂ ಮಗು ಹತ್ರ ಹೋಗಬೇಡಿ.”

ಮೂಗಿಗೆ ಕಡ್ಡಿ ಹಾಕಿಸಿಕೊಂಡು ಹೊರಗೆ ಬಂದಾಗ ಅಕ್ಕನಿಗೆ ತಮ್ಮನ ನೆನಪಾಯಿತು. ಅವನೂ ಮೊನ್ನೆಯಿಂದ ಕೆಮ್ಮುತ್ತಿದ್ದ. ಮಗು ನೋಡಲು ಇವತ್ತೇ ಹೋಗುವವನಿದ್ದ. ಕೂಡಲೇ ಅವನಿಗೆ ಫೋನು ಮಾಡಿದಳು.

“ಎಲ್ಲಿದ್ದೀಯೋ?”

“ಬಸ್ಸಲ್ಲಿ. ಊರು ಬಂತು, ಇನ್ನೇನು ಇಳೀತೀನಿ.”

“ಇಳಿದು ವಾಪಸ್ ಬಸ್ ಹತ್ತು. ಮನೆ ಕಡೆ ಕಾಲಿಡಬೇಡ. ಆ ಕೆಮ್ಮು ಮತ್ತೆ ಬರುತ್ತಂತೆ, ಮಗೂಗೆ ಅಪಾಯ.”

“ನೀನೇ ಅಲ್ವೇನೇ ಬರಲ್ಲ ಅಂದಿದ್ದು?”

“ಗೊತ್ತಿಲ್ಲದೆ ಅಂದಿದ್ದೆ ಕಣೋ. ಈಗ ಕೇಳಿ ಹೇಳ್ತಿದ್ದೀನಿ.”

ಆ ಕಡೆಯಿಂದ ಬೈಗುಳ ಶುರುವಾಯಿತು, ನಡುವೆ ಕೆಮ್ಮು ಬಂದು ಬೈಗುಳ ಅರ್ಧಕ್ಕೇ ನಿಂತಿತು. ಕೆಮ್ಮು ಮುಗಿಯುವ ತನಕ ಅಕ್ಕ ಫೋನು ಇಡಲಿಲ್ಲ.

“ಸರಿ,” ಎಂದ ತಮ್ಮ. “ವಾಪಸ್ ಬರ್ತೀನಿ.”