ಮಾತ್ಸುಯೆ ಹೊತ್ತು ತಂದ ಕಲ್ಲು

ಎಳ್ಳಿನ ಸಿವುಡುಗಳನ್ನು ರಸ್ತೆಯಂಚಿನ ಗೋಡೆಗೆ ಒರಗಿಸುತ್ತಿದ್ದ ಕಿಯೋನೊ ಮತ್ತೊಮ್ಮೆ ತಲೆಯೆತ್ತಿ ಆಕಾಶ ನೋಡಿದಳು. ಗಾಳಿ ದಕ್ಷಿಣಕ್ಕೆ ತಿರುಗಿತ್ತು. ಹೋದ ತಿಂಗಳ ಚಂಡಮಾರುತಕ್ಕೆ ಮುಂಚೆಯೂ ಹೀಗೇ ತಿರುಗಿತ್ತು. ಎಳ್ಳು ಒಣಗುವವರೆಗಾದರೂ ತಡೆದರೆ ಸಾಕೆಂದುಕೊಂಡಳು. ಅದರ ಮೇಲೆ ಇವತ್ತು ಶಿಬಾಸಶಿ ಹಬ್ಬ ಬೇರೆ. ಮನೆಯ ಮೂಲೆಮೂಲೆಗೂ ಹುಲ್ಲಿನ ಗರಿ ಸಿಕ್ಕಿಸಬೇಕು, ಮೇಲಿನ ಗೋರಿಗೆ ಹೋಗಿ ಹಿರಿಯರನ್ನು ಕರೆದು ಬರಬೇಕು, ಹೊತ್ತು ಮುಳುಗುವ ಮುಂಚೆ ಬಾಗಿಲ ಮುಂದೆ ಬೆಂಕಿ ಹಾಕಬೇಕು. ಕಡಲಲ್ಲಿ ಸತ್ತವರು ನೆನೆದು ನಡುಗುತ್ತ ಬರುತ್ತಾರೆ; ಕಾಲು ಕಾಸಿಕೊಂಡೇ ಒಳಗೆ ಬರಬೇಕು.

ಅಷ್ಟರಲ್ಲಿ ನಗುಮೊಳ ಪುಟ್ಟ ಟ್ರಕ್ಕು ಬಂದು ನಿಂತಿತು. ದೊಡ್ಡ ದ್ವೀಪದ ಯಾವುದೋ ಕಾಲೇಜಿನಿಂದ ಬಂದು, ಬಂದರಿನ ಹತ್ತಿರದ ಹಳೆಯ ಶಾಲೆಯಲ್ಲಿ ಕಲ್ಲು ಕುಯ್ಯುತ್ತ ಕೂರುವ ಹುಡುಗಿ ಅವಳು. ಊರಿನವರ ಬಾಯಲ್ಲಿ ಅವಳು ಕಲ್ಲಿನ ಟೀಚರ್. ಈ ದ್ವೀಪವೆಲ್ಲ ಒಂದು ಕಾಲಕ್ಕೆ ಕಡಲೊಳಗಿನ ಹವಳದ ದಂಡೆಯಾಗಿತ್ತು, ಮೆಟ್ಟಿಲು ಮೆಟ್ಟಿಲಾಗಿ ಮೇಲೆದ್ದು ಬಂತು, ಒಂದೊಂದು ಮೆಟ್ಟಿಲಿನ ಕಲ್ಲಿನಲ್ಲೂ ಆಗಿನ ಕಡಲು ಎಷ್ಟು ಬೆಚ್ಚಗಿತ್ತೆಂಬ ಗುರುತು ಉಳಿದಿದೆ ಎಂದು ಅವಳು ಸಭಾಭವನದಲ್ಲಿ ಹೇಳಿದಾಗ ಎಲ್ಲರೂ ತಲೆದೂಗಿದ್ದರು. ಗೋಡೆ, ಬಾವಿಕಟ್ಟೆ, ಗೋರಿ ಎಲ್ಲವನ್ನೂ ಆ ಕಲ್ಲಿನಲ್ಲೇ ಕಟ್ಟಿಕೊಂಡವರಿಗೆ ಅದೇನು ದೊಡ್ಡ ಸುದ್ದಿಯಲ್ಲ.

"ಅಕ್ಕಾ, ಇಲ್ನೋಡಿ!" ನಗುಮೊ ಗೋಣಿಚೀಲದ ಸುತ್ತು ಬಿಚ್ಚಿದಳು. "ನಿಮ್ಮ ಯಜಮಾನ್ರು ಕೊಟ್ಟ ಕಲ್ಲು. ಚಂಡಮಾರುತಕ್ಕೆ ಮೇಲೆ ಗೋಡೆ ಬಿದ್ದಿತ್ತಲ್ಲ, ಆ ಗುಡ್ಡೆಯಿಂದ. ಕುಯ್ದು ನೋಡಿದ್ರೆ ಒಳಗೆ ಅನ್ನದ ಹಾಗೆ ಬೆಳ್ಳಗಿದೆ."

"ಬೆಳ್ಳಗಿದ್ರೆ ಏನೀಗ?"

"ಮೇಲಿನ ಬಯಲಿನ ಕಲ್ಲೆಲ್ಲ ಲಕ್ಷ ವರ್ಷದ್ದು. ಒಳಗೆ ಕಂದು ಬಣ್ಣ, ಹರಳುಗಟ್ಟಿರತ್ತೆ. ಇದು ನಿನ್ನೆಮೊನ್ನೇದು. ಅಷ್ಟೆತ್ತರಕ್ಕೆ ಹೆಂಗ್ ಬಂತು? ದೊಡ್ಡ ಅಲೆ ಎಸೀತು ಅನ್ನೋಣ ಅಂದ್ರೆ ಅಕ್ಕಪಕ್ಕ ಇನ್ನೊಂದಿಲ್ಲ. ಯಾರೋ ಹೊತ್ಕೊಂಡು ಹೋಗಿರ್ಬೇಕು. ಮೇಲೆ ಬರೀ ಕಲ್ಲೇ ಇರೋವಾಗ ಕೆಳಗಿಂದ ಕಲ್ಲು ಯಾರು ಹೊರ್ತಾರೆ ಹೇಳಿ?"

ಕಿಯೋನೊಳ ಕೈಯ ಸಿವುಡು ಜಾರಿತು. ಎಳ್ಳು ಸರ್ರನೆ ಡಾಂಬರಿನ ಮೇಲೆ ಚೆಲ್ಲಿತು. ಚಿಕ್ಕ ಕುಂಬಳಕಾಯಿಯಷ್ಟಿದ್ದ ಕಲ್ಲು ಮೂರು ಹೋಳಾಗಿತ್ತು. ಅಂಚಿನ ಹೋಳಿನಲ್ಲಿ ಕಿವಿಯಂಥದೊಂದು ಉಬ್ಬು. ಚಿಕ್ಕಂದಿನಲ್ಲಿ ಆ ಉಬ್ಬಿಗೆ ಬಾಯಿಟ್ಟು ಶಾಲೆಯ ಸುದ್ದಿಯನ್ನೆಲ್ಲ ಹೇಳಿದವಳು ಅವಳು.

ಅವಳಿನ್ನೂ ಹೊಟ್ಟೆಯಲ್ಲಿದ್ದಾಗಲೇ ಅಪ್ಪನ ದೋಣಿ ಹಿಂದಿರುಗಲಿಲ್ಲ. ಊರಿನ ಪದ್ಧತಿಯಂತೆ ತೊಳೆದು ಗೋರಿಯಲ್ಲಿಡಲು ಮೂಳೆಯಿಲ್ಲ. ಹಾಗಾದವರಿಗೆ ಕಡಲಿನ ಕಲ್ಲೇ ಮೂಳೆ. ಅವ್ವ ಮಾತ್ಸುಯೆ ತುಂಬಿದ ಬಸುರಿನಲ್ಲಿ ಇಳಿತದ ನೀರಿಗಿಳಿದು, ಈ ಕಲ್ಲನ್ನು ಬೆನ್ನಮೇಲೆ ಹೊತ್ತು ಗುಡ್ಡ ಹತ್ತಿದ್ದಳು. ಮೂಳೆಗಳನ್ನೆಲ್ಲ ಹೊಸ ಗೋರಿಗೆ ಸಾಗಿಸಿದಾಗ ಇದು ಅದರ ಬಾಯಲ್ಲಿ ಹಿಡಿಯಲಿಲ್ಲ. 'ಇರಲಿ, ಕಡಲು ಕಾಣೋ ಕಡೆ ಕೂತಿರಲಿ' ಎಂದು ಮಾತ್ಸುಯೆ ಅದನ್ನು ಗೋರಿಯಂಚಿನ ಗೋಡೆಯ ಮೇಲಿಟ್ಟಳು.

"ಇದು ನಮ್ಮಪ್ಪ," ಎಂದಳು ಕಿಯೋನೊ.

ನಗುಮೊ ಹೋಳುಗಳಿಂದ ಸರಕ್ಕನೆ ಕೈ ಹಿಂತೆಗೆದಳು.

"ಸದ್ಯಕ್ಕೆ ಇದನ್ನ ತಗೊಂಡ್ಹೋಗು. ಸಂಜೆ ಅವ್ವ ಗೋರಿಗೆ ಬರ್ತಾಳೆ. ಮಂಡಿನೋವು ಅಂತ ಗೋಡೆ ಬಿದ್ದಮೇಲೆ ಮೇಲೆ ಹೋಗಿಲ್ಲ. ನಾನೇ ಹೇಳ್ತೀನಿ. ಹೇಳೋವರೆಗೂ ಬರ್ಬೇಡ."

ಗಂಡ ಶಿಂಜೊ ಹಿತ್ತಲಿನಲ್ಲಿ ಕುಡುಗೋಲು ಮಸೆಯುತ್ತಿದ್ದ. ವಿಷಯ ಕೇಳಿ ತಲೆಯ ಮೇಲೆ ಕೈಯಿಟ್ಟು ಕುಕ್ಕರಿಸಿದ.

"ಎಲ್ಲಾ ಒಂದೇ ಥರ ಕಲ್ಲು ಕಣೇ! ಗುಡ್ಡೆಯೊಳಗೆ ಮಾವ ಯಾರು, ಗೋಡೆ ಯಾರು ಅಂತ ನಂಗೆ ಹೆಂಗ್ ಗೊತ್ತಾಗ್ಬೇಕು?"

"ಮೂವತ್ತೈದು ವರ್ಷ ಆ ಕಲ್ಲಿಗೆ ಕೈ ಮುಗ್ದಿದೀರಿ."

"ಕಣ್ಣು ಮುಚ್ಕೊಂಡು ಮುಗ್ದಿದ್ದು." ಅವನು ದನಿ ತಗ್ಗಿಸಿದ. "ಇನ್ನೊಂದು ಉರುಟು ಕಲ್ಲು ಇಟ್ಬಿಡೋಣ. ಅತ್ತೆಗೆ ಕಣ್ಣು ಮಂಜು. ಹಬ್ಬ ಕಳೀಲಿ, ಆಮೇಲೆ ಹೇಳೋಣ."

ಬೇಡವೆನ್ನಬೇಕೆಂದುಕೊಂಡಳು, ಅನ್ನಲಿಲ್ಲ. ಒಳಗಿನಿಂದ ಅವ್ವ ಕೂಗುತ್ತಿದ್ದಳು: "ಏಯ್, ಹುಲ್ಲು ಕುಯ್ದಾಯ್ತೇನೇ? ನಿಮ್ಮಪ್ಪ ದಾರಿ ಕಾಯ್ತಾ ಕೂತಿರ್ತಾನೆ!"

ಶಿಂಜೊ ಮೇಲೆ ಹೋಗಿ, ಬಿದ್ದುಳಿದ ಗೋಡೆಯ ಮೇಲೆ ಉರುಟು ಕಲ್ಲೊಂದನ್ನಿಟ್ಟು ಬಂದ. ಮಧ್ಯಾಹ್ನವೆಲ್ಲ ಕಿಯೋನೊಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಹುಲ್ಲಿನ ಗರಿಯನ್ನು ಒಂದೇ ಮೂಲೆಗೆ ಎರಡೆರಡು ಸಲ ಸಿಕ್ಕಿಸಿದಳು. ಕೆಂಪಕ್ಕಿ ಅನ್ನಕ್ಕೆ ಉಪ್ಪು ಹಾಕಿದೆನೋ ಇಲ್ಲವೋ ನೆನಪಾಗದೆ ಮತ್ತೆ ಹಾಕಿದಳು. ರಸ್ತೆಗೆ ಹೋಗಿ ಎಳ್ಳನ್ನು ತಿರುಗಿಸಿ ಬಂದಳು, ತಿರುಗಿಸಿದ್ದನ್ನೇ ಮತ್ತೆ ತಿರುಗಿಸಿದಳು.

ಬಿಸಿಲು ಇಳಿಮುಖವಾದಾಗ ಮೂವರೂ ತಮ್ಮ ಟ್ರಕ್ಕಿನಲ್ಲಿ ಗುಡ್ಡ ಹತ್ತಿದರು. ಕೆಳಗೆ ಕಬ್ಬಿನ ಗದ್ದೆ ಗಾಳಿಗೆ ಹೊರಳುತ್ತಿತ್ತು. ಮಾತ್ಸುಯೆ ಒಂದು ಕೈಯಲ್ಲಿ ಬೆಲ್ಲದ ಸಾರಾಯಿಯ ಸೀಸೆ, ಇನ್ನೊಂದರಲ್ಲಿ ಊರುಗೋಲು ಹಿಡಿದು ಗೋಡೆಯ ಹತ್ತಿರ ಹೋದಳು. ಊರುಗೋಲನ್ನು ಒರಗಿಸಿ, ಸೀಸೆಯ ಬಿರಡೆ ತೆಗೆದು, ಕಲ್ಲಿನ ಮೇಲೆ ಅಂಗೈಯಿಟ್ಟಳು. ಸವರಿದಳು. ಆಮೇಲೆ ಸೀಸೆಯ ಬಿರಡೆಯನ್ನು ಹಾಗೇ ಮುಚ್ಚಿದಳು.

"ಇದ್ಯಾರಪ್ಪ ಇದು?"

ಶಿಂಜೊ ಕೆಮ್ಮಿದ.

"ಅಳಿಯಂದಿರೇ, ನಿಮ್ಮನ್ನೇ ಕೇಳಿದ್ದು. ನನ್ನ ಗಂಡನ ಜಾಗದಲ್ಲಿ ಯಾವನನ್ನ ಕೂರ್ಸಿದೀರಿ? ಈ ವಯಸ್ಸಲ್ಲಿ ನಂಗೆ ಎರಡನೇ ಮದ್ವೆ ಮಾಡ್ತಿದೀರೇನು?"

ನಗಬೇಕೋ ಅಳಬೇಕೋ ತಿಳಿಯದೆ ಕಿಯೋನೊ ಅಲ್ಲೇ ಕುಕ್ಕರಿಸಿ ಎಲ್ಲವನ್ನೂ ಹೇಳಿದಳು. ಗೋಡೆ ಬಿದ್ದದ್ದು, ಗುಡ್ಡೆ ಹಾಕಿದ್ದು, ಕುಯ್ದದ್ದು, ಬೇರೆ ಕಲ್ಲು ಇಟ್ಟದ್ದು. ಮಾತ್ಸುಯೆ ಕಡಲ ಕಡೆಗೆ ಮುಖ ಮಾಡಿ ಕುಳಿತಳು. "ಆ ಹುಡುಗೀನ ಕರೆಸು. ಹೋಳೆಲ್ಲ ತರ್ಲಿ," ಎಂದಳು.

ನಗುಮೊ ಬಂದು ಮಣ್ಣಿನ ಮೇಲೆ ಹಣೆ ತಾಗಿಸಿದಳು. ಮುದುಕಿ ಅದನ್ನು ನೋಡಲಿಲ್ಲ. ನಡುವಿನ ಹೋಳನ್ನೆತ್ತಿ ತೊಡೆಯ ಮೇಲಿಟ್ಟುಕೊಂಡಳು.

"ಈ ಗೆರೆ ಏನು?"

"ವರ್ಷಕ್ಕೊಂದು ಗೆರೆ, ಅಜ್ಜಿ. ಮರಕ್ಕೆ ಇರತ್ತಲ್ಲ, ಹಾಗೆ. ಒಳಗಿನದು ಹಳೇದು. ಹೊರಗಿನ ಈ ಅಂಚೇ ಅದು ಬದುಕಿದ್ದ ಕೊನೇ ವರ್ಷ."

"ನಂಗೊತ್ತು ಬದುಕಿತ್ತು ಅಂತ. ದಡದಲ್ಲಿ ಬಿದ್ದ ಸತ್ತ ಕಲ್ಲು ಬೇಕಾದಷ್ಟಿತ್ತು. ಬೇಡ ಅಂದೆ. ಪ್ರಾಯದ ಗಂಡಸು ಅವನು. ನೀರೊಳಗೆ ಕಬ್ಬಿಣದ ಸಲಾಕಿ ಹಾಕಿ ಎಬ್ಬಿಸ್ದೆ. ಎರಡು ವಾರ ನಾರ್ತಿತ್ತು."

ನಗುಮೊ ತಲೆಯೆತ್ತಿದಳು. ಮಾತಾಡಬಾರದೆಂದು ತುಟಿ ಕಚ್ಚಿ ಹಿಡಿದಂತಿತ್ತು, ಆದರೂ ಮಾತು ಹೊರಬಿತ್ತು. "ಅಜ್ಜಿ, ನೀವು ಕಿತ್ತ ವರ್ಷ ಖಚಿತವಾಗಿ ಗೊತ್ತಿದೆ. ಅಂಥ ಹವಳ ಸಿಗೋದು ಕಷ್ಟ. ಇದನ್ನ ಓದೋಕೆ ಬಂದ್ರೆ ಮೇಲಿನ ಹಳೇವನ್ನೂ ಓದ್ಬಹುದು. ಕೊನೇ ಗೆರೆಯಿಂದ ಒಂದು ಚಿಟಿಕೆ ಪುಡಿ ಸಿಕ್ಕಿದ್ರೆ ಆ ವರ್ಷ ನೀರು ಎಷ್ಟು ತಣ್ಣಗಿತ್ತು ಅಂತ ಹೇಳ್ತೀನಿ. ಅವ್ರು ಹೋದಾಗಿನ ನೀರು."

ಕಿಯೋನೊ ಅವ್ವನ ಕಡೆ ನೋಡಿದಳು. ಹೂಂ ಅನ್ನಲಿ ಎಂದು ಕಾದಳು. ಅಪ್ಪನ ಬಗ್ಗೆ ಹೊಸದೊಂದು ಸಂಗತಿಯನ್ನು ಅವಳು ಹುಟ್ಟಿದಾಗಿನಿಂದ ಕೇಳಿರಲಿಲ್ಲ.

"ಬೇಡ," ಎಂದಳು ಮಾತ್ಸುಯೆ. "ಬೆಚ್ಚಗಿತ್ತು ಅಂತ ನೀನಂದ್ರೆ, ಇಷ್ಟು ವರ್ಷ ಬಾಗ್ಲಲ್ಲಿ ನಾನು ಹಾಕಿದ ಬೆಂಕಿ ಯಾರಿಗೆ?"

ಮುದುಕಿ ಹೋಳನ್ನು ಕಣ್ಣಿನ ಹತ್ತಿರ ತಂದು ಉಗುರಿನಿಂದ ಗೆರೆಗಳನ್ನು ತಡವತೊಡಗಿದಳು. "ಅಂಚಿನಿಂದ ಎರಡು ಹಿಂದೆ ಎಣಿಸಿದ್ರೆ ನಮ್ಮ ಮದ್ವೆ ವರ್ಷ. ಅಲ್ಲಿ ಗೀಟು ಹಾಕು." ನಗುಮೊ ಪೆನ್ಸಿಲಿನಿಂದ ಗೀಟು ಹಾಕಿದಳು. "ಈ ಗೀಟಿಂದ ಈಚೆ ನಂದು. ಅದಕ್ಕಿಂತ ಹಿಂದೆ ಅವನು ಯಾರೋ, ನಾನು ಯಾರೋ. ಅದು ಕಡಲಿಂದು, ನೀ ತಗೋ. ನಂದನ್ನ ಬೆಂಕಿ ಹಾಕೋದ್ರೊಳಗೆ ತಂದ್ಕೊಡು."

ಕಿಯೋನೊ ನಗುಮೊಳ ಜೊತೆ ಹಳೆಯ ಶಾಲೆಗೆ ಹೋದಳು. ಶಿಂಜೊ ಅತ್ತೆಯನ್ನು ಮನೆಗೆ ಕರೆದೊಯ್ದ. ದಾರಿಯುದ್ದಕ್ಕೂ ಗಾಳಿ ಟ್ರಕ್ಕಿನ ಕಿಟಕಿಯನ್ನು ಬಡಿಯುತ್ತಿತ್ತು. ಗರಗಸ ತಿರುಗತೊಡಗಿತು. ಅಲಗಿನ ಮೇಲೆ ನೀರು ಬಿದ್ದು, ಗೀಟಿನ ಗುಂಟ ಹಾಲಿನಂತೆ ಬೆಳ್ಳಗಾಗಿ ಕೆಳಗೆ ಚರಂಡಿಗೆ ಹರಿಯಿತು. ಅದನ್ನು ನೋಡಿದೊಡನೆ ಕಿಯೋನೊ ಅಲ್ಲಿದ್ದ ತಟ್ಟೆಯೊಂದನ್ನು ಸೆಳೆದು ಅಡಿಯಲ್ಲಿ ಹಿಡಿದಳು. ನೀರು ಮೊಣಕೈವರೆಗೆ ಸಿಡಿಯಿತು.

ಗರಗಸ ನಿಂತ ಮೇಲೆ, ತಟ್ಟೆಯಿಂದ ಕಣ್ಣು ಕೀಳದೆ ಕೇಳಿದಳು: "ನೀರು ತಣ್ಣಗಿತ್ತೋ ಬೆಚ್ಚಗಿತ್ತೋ ಇದ್ರಲ್ಲಿ ಗೊತ್ತಾಗಲ್ವಾ? ಅವ್ವ ಕಲ್ಲನ್ನ ಮುಟ್ಬೇಡ ಅಂದಿದ್ದು. ಇದು ಬರೀ ನೀರು."

ನಗುಮೊ ಬಾಗಿ ನೋಡಿದಳು. "ಇಲ್ಲ ಅಕ್ಕ. ಗರಗಸ ಗೀಟಿನ ಮೇಲೇ ಹೋಗಿದ್ದು. ಅವ್ರು ಹೋದ ವರ್ಷ ಇದ್ರಲ್ಲಿ ಇಲ್ಲ. ಇದ್ದಿದ್ರೂ ಎಲ್ಲ ಕಲೆತು ಹೋಗಿರೋದು."

"ಯಾವ ವರ್ಷ ಇದೆ ಹಾಗಾದ್ರೆ?"

"ಮದ್ವೆ ವರ್ಷ."

ಕಿಯೋನೊ ತುಳುಕದಂತೆ ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. ಅವ್ವನ ಪಾಲಿನ ಹೋಳುಗಳನ್ನು ನೀನು ತಾ ಎಂದು ನಗುಮೊಗೆ ಹೇಳಿ, ಗಾಳಿಗೆ ಬೆನ್ನು ಕೊಟ್ಟು, ಹಿಂದು ಹಿಂದಾಗಿಯೇ ಬಾಗಿಲು ದಾಟಿದಳು.